ಹಾಯಿಗೆ ಹಾಕಿದ ಅಂಚು

ನನ್ನ ಗಂಡನಿಗೆ ಮಾರಾಟ ಮಾಡುವುದಕ್ಕೆ ಬರುವುದಿಲ್ಲ. ಮಾರುವವನು ಮೊದಲು ಒಳ್ಳೆಯದನ್ನು ಹೇಳಿ, ಆಮೇಲೆ ಬೇಕಿದ್ದರೆ ಕೊರತೆಯ ಕಡೆಗೆ ಬರಬೇಕು. ದೇವರಾಜು ಕೊರತೆಯಿಂದಲೇ ಶುರು ಮಾಡುತ್ತಾರೆ. ನನ್ನನ್ನು ನೋಡಲು ಬಂದ ದಿನವೂ ಹಾಗೇ ಮಾಡಿದ್ದರು. ಮಗ್ಗದ ಗುಂಡಿಯಲ್ಲಿ ಕೂತರೆ ನನಗೆ ಉಸಿರು ಕಟ್ಟುತ್ತದೆ, ಒಂದು ಊರಲ್ಲಿ ನಿಲ್ಲುವವನಲ್ಲ, ಗೊರಕೆಯೂ ಇದೆ ಎಂದು ನಮ್ಮಪ್ಪನ ಮುಂದೆ ಒಪ್ಪಿಸಿಬಿಟ್ಟರು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿ ಮಗ್ಗ ಬೇಡ ಅನ್ನುವ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ? ನಮ್ಮಪ್ಪ ಕೊಟ್ಟರು, ಸುಳ್ಳು ಹೇಳದ ಹುಡುಗ ಅಂತ. ಆ ಮಾತನ್ನು ಇಪ್ಪತ್ತೆಂಟು ವರ್ಷ ನಾನೂ ನಂಬಿಕೊಂಡು ಬಂದೆ.

ಈಗ ಅವರು ಮಾರಬೇಕಾಗಿದ್ದದ್ದು ಒಂದು ಹಾಯಿದೋಣಿ. ಕಾಮಗೆರೆಯ ನಮ್ಮ ಹಿತ್ತಲಲ್ಲಿ ಹುಣಸೆಮರದ ಕೆಳಗೆ ಇಪ್ಪತ್ತಾರು ಅಡಿ ಉದ್ದದ ದೋಣಿ ನಿಂತಿತ್ತು. ಸಮುದ್ರದಲ್ಲಿ ದಿನಗಟ್ಟಲೆ ಹೋಗುವಂಥದ್ದು. ಒಳಗೆ ಮಲಗಲು ಎರಡು ಹಲಗೆ, ಒಂದು ಸ್ಟೌ, ಅಕ್ಕಿಬೇಳೆ ಇಡಲು ಗೂಡು. ನಮ್ಮ ಕಡೆಯವರಿಗೆ ನೀರು ಅಂದರೆ ಗುಂಡಾಲ್ ಜಲಾಶಯ, ತಪ್ಪಿದರೆ ಸತ್ತೇಗಾಲದ ಹತ್ತಿರದ ಕಾವೇರಿ. ಹನೂರು ರಸ್ತೆಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ಕತ್ತು ಹಾಕಿ ನೋಡಿ, ಇವರಿಗೆ ತಲೆ ಸರಿ ಇದೆಯೋ ಇಲ್ಲವೋ ಎಂದುಕೊಂಡು ಹೋಗುತ್ತಿದ್ದರು.

ಅದು ಇಲ್ಲಿಗೆ ಬಂದದ್ದು ಹೀಗೆ. ಮದುವೆಯಾದ ಎರಡು ವರ್ಷಕ್ಕೆ ಇವರು ರೇಷ್ಮೆ ಸೀರೆಯ ಗಂಟು ಹೊತ್ತುಕೊಂಡು ಕೊಚ್ಚಿಯ ಅಂಗಡಿಗಳಿಗೆ ಕೊಡಲು ಹೋದರು. ಅಲ್ಲಿ ಕುರಿಯನ್ ಸಾಹೇಬರ ಪರಿಚಯವಾಯಿತು. ಹಡಗಿನ ಇಂಜಿನಿಯರಾಗಿದ್ದು ನಿವೃತ್ತರಾದವರು. ಸ್ವಂತ ದೋಣಿ ಇಟ್ಟುಕೊಂಡು ಗೋವಾ, ಲಕ್ಷದ್ವೀಪ ಅಂತ ತಿರುಗುತ್ತಿದ್ದರು. ಅವರಿಗೆ ಅಡುಗೆಯವನು ಬೇಕಿತ್ತು. ಇವರಿಗೆ ಮಗ್ಗವಿಲ್ಲದ ಯಾವ ಕೆಲಸವಾದರೂ ಆಗುತ್ತಿತ್ತು. ಅಲ್ಲಿಂದ ಇಪ್ಪತ್ತಮೂರು ವರ್ಷ ಇದೇ ಲೆಕ್ಕ, ವರ್ಷಕ್ಕೆ ಎಂಟು ತಿಂಗಳು ದೋಣಿ, ಮಳೆಗಾಲದ ನಾಲ್ಕು ತಿಂಗಳು ಮನೆ. ಮೂರು ವರ್ಷದ ಹಿಂದೆ ಸಾಹೇಬರು ತೀರಿಕೊಂಡಾಗ ದೋಣಿಯನ್ನು ದೇವರಾಜುಗೆ ಕೊಡಬೇಕೆಂದು ಬರೆದಿಟ್ಟಿದ್ದರು. ಬುದ್ಧಿ ಇದ್ದವನು ಅಲ್ಲೇ ಯಾರಿಗಾದರೂ ದಾಟಿಸಿ ಬರುತ್ತಿದ್ದ. ಇವರು ಅದನ್ನು ಲಾರಿಯ ಮೇಲೆ ಮಲಗಿಸಿ, ದಿಂಬಂ ಘಾಟಿ ಹತ್ತಿಸಿ, ಮನೆಗೆ ಕರೆದುಕೊಂಡು ಬಂದರು.

ಸಾಹೇಬರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ ಅದಕ್ಕೆ ಅಣ್ಣಮ್ಮ ಎಂದು ಹೆಸರಿಟ್ಟಿದ್ದರು. ನಮ್ಮ ಬೀದಿಯ ಹೆಂಗಸರು ಅಣ್ಣಮ್ಮನೆಂದರೆ ದೇವರೇ ಎಂದುಕೊಂಡು ಮಂಗಳವಾರ ಮಂಗಳವಾರ ಬಂದು ಮೂತಿಗೆ ಕುಂಕುಮ ಇಟ್ಟು ಹೋಗುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಯಾರದೋ ಮನೆಯ ಮುತ್ತೈದೆ, ಇಟ್ಟರೆ ಇಡಲಿ.

ಆದರೆ ಆ ದೋಣಿ ನಮ್ಮ ಹಿತ್ತಲಲ್ಲಿ ಸಾಯುತ್ತಿತ್ತು. ಹೆಬ್ಬಲಸಿನ ಹಲಗೆಯ ಮೈ ಅದಕ್ಕೆ. ನೀರಲ್ಲಿದ್ದರೆ ಹಲಗೆ ಉಬ್ಬಿ ಒಂದಕ್ಕೊಂದು ಬಿಗಿಯಾಗಿ ಕೂತಿರುತ್ತದೆ, ಒಣಗಿದರೆ ಸಂದು ಬಿಡುತ್ತದೆ. ಕಾಮಗೆರೆಯ ಬಿಸಿಲು ಎಂಥದ್ದು ಎಂದು ಇಲ್ಲಿ ಇದ್ದವರಿಗೆ ಗೊತ್ತು. ಇವರು ಗೋಣಿತಾಟು ನೆನೆಸಿ ಅದರ ಮೈಮೇಲೆ ಹೊದಿಸುವರು, ಬೆಳಿಗ್ಗೆ ಸಂಜೆ ಬಿಂದಿಗೆಯಲ್ಲಿ ನೀರು ಹೊಯ್ಯುವರು. ಹೋದ ವರ್ಷದಿಂದ ಬಲಗೈ ಎತ್ತಲು ಆಗದೆ ಆ ಕೆಲಸವೂ ನನಗೇ ಬಿತ್ತು. ಭುಜದ ಕೀಲು ಸವೆದಿದೆ, ವರ್ಷಗಟ್ಟಲೆ ಒಂದೇ ಕಡೆಗೆ ಜಗ್ಗಿದ ಕೈ ಇದು ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದರು. ಬಡಗಿಯೊಬ್ಬ ಬಂದು ಸಂದುಗಳಲ್ಲಿ ಬೆರಳು ಆಡಿಸಿ, ಇನ್ನೊಂದು ಬೇಸಿಗೆ ಕಳೆದರೆ ಇದು ಬಾಗಿಲು ಕಿಟಕಿಗೇ ಸರಿ, ಆಗ ನನಗೆ ಕೊಡಿ ಎಂದು ಹೇಳಿ ಹೋದ. ಆವತ್ತು ಇವರು ಊಟ ಮಾಡಲಿಲ್ಲ. ಅಣ್ಣಮ್ಮ ಈ ವರ್ಷದೊಳಗೆ ಸಮುದ್ರ ಸೇರಬೇಕು, ಅದನ್ನು ಓಡಿಸಬಲ್ಲವರ ಕೈಗೇ ಸೇರಬೇಕು, ಅಷ್ಟು ಬಿಟ್ಟು ಬೇರೆ ಆಸೆ ಅವರಿಗೆ ಇರಲಿಲ್ಲ.

ಯಳಂದೂರಿನ ಶಾಲೆಯಲ್ಲಿ ಪಾಠ ಹೇಳುವ ನಮ್ಮ ಮಗಳು ಇಂಚರ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಜನ ಬಂದರು. ಮೊದಲು ಬಂದವನಿಗೆ ರೆಸಾರ್ಟಿನ ಲಾನಿನ ಮೇಲೆ ಅದನ್ನು ನಿಲ್ಲಿಸಿ ಒಳಗೆ ಮೇಜು ಹಾಕಿ ಊಟ ಬಡಿಸಬೇಕಿತ್ತು. ಅವನಿಗೆ ಇವರು ಮಜ್ಜಿಗೆ ಕೊಟ್ಟು ಕಳಿಸಿದರು. ಎರಡನೆಯ ಸಲ ಬಂದ ಇಬ್ಬರು ಸ್ನೇಹಿತರು ದೋಣಿ ಬಲ್ಲವರು. ಅವರ ಮುಂದೆ ಇವರು ಪಾಠ ಒಪ್ಪಿಸಿದರು. ನನಗೂ ಅದು ಬಾಯಿಪಾಠ. ಸಣ್ಣ ಗಾಳಿಗೆ ಇವಳು ಸೋಮಾರಿ, ಬೈದರೆ ಪ್ರಯೋಜನವಿಲ್ಲ. ಎದುರಿನ ಗಿಡ್ಡ ಅಲೆಗೆ ಮೂತಿ ಬಡಿದುಕೊಂಡು ನಿಮ್ಮನ್ನು ನೆನೆಸುತ್ತಾಳೆ. ತಿರುಗಿಸಿದರೆ ತಕ್ಷಣ ತಿರುಗುವುದಿಲ್ಲ, ಯೋಚನೆ ಮಾಡಿ ತಿರುಗುತ್ತಾಳೆ. ಗಾಳಿ ಜೋರಾಯಿತೋ, ಆಗ ನೋಡಬೇಕು, ತಳಕ್ಕೆ ಬಿಗಿದ ಸೀಸದ ಭಾರದ ಮೇಲೆ ಕೂತು ನೆಟ್ಟಗೆ ಹೋಗುತ್ತಾಳೆ. ಬಿರುಗಾಳಿಯಲ್ಲಿ ಮುಂದಿನ ಹಾಯಿಯನ್ನು ಹಿಂದುಮುಂದು ಕಟ್ಟಿ ಬಿಟ್ಟರೆ ಬಾತುಕೋಳಿಯ ಹಾಗೆ ಸುಮ್ಮನೆ ಕೂರುತ್ತಾಳೆ, ನೀವು ಒಳಗೆ ಅನ್ನ ಬೇಯಿಸಬಹುದು. ಕೊನೆಗೆ ಒಂದು ಮಾತು. ಚುಕ್ಕಾಣಿ ಕೈ ಎಳೆಯುತ್ತದೆ, ಸದಾ ಗಾಳಿಯ ಕಡೆಗೆ ಮುಖ ತಿರುಗಿಸಲು ನೋಡುತ್ತಾಳೆ, ದಿನವೆಲ್ಲ ಜಗ್ಗಿ ಹಿಡಿಯಬೇಕು, ಅದು ಅವಳ ಹುಟ್ಟುಗುಣ.

ಆ ಸ್ನೇಹಿತರು ಇವರ ಬಲಭುಜವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯೋಚನೆ ಮಾಡಿ ಫೋನ್ ಮಾಡುತ್ತೇವೆ ಅಂದರು. ಫೋನ್ ಬರಲಿಲ್ಲ. ಆ ಮಾತನ್ನು ಹೇಳದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ನಾನು ಜಗಳವಾಡಿದೆ. ಇದ್ದದ್ದನ್ನು ಹೇಳದೆ ಕೊಟ್ಟರೆ ನಡುನೀರಲ್ಲಿ ಅವರು ನನ್ನನ್ನು ಬೈದುಕೊಳ್ಳುತ್ತಾರೆ ಅಂದರು.

ಆಷಾಢದಲ್ಲಿ ರಾಣಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕರಟದ ಬಣ್ಣಕ್ಕೆ ಬಿಸಿಲಲ್ಲಿ ಬೆಂದ ಮೈ. ತಾಯಿಯ ತವರು ನಮ್ಮದೇ ಹೂಗ್ಯಂ, ತಂದೆ ತೂತುಕುಡಿಯ ದೋಣಿ ಬಡಗಿ. ಹಾಗಾಗಿ ಅವಳ ಬಾಯಲ್ಲಿ ನಮ್ಮ ಕನ್ನಡವೂ ತಮಿಳೂ ಒಂದೇ ತಟ್ಟೆಯಲ್ಲಿ ಕಲಸಿದಂತೆ ಬರುತ್ತಿದ್ದವು. ಮೀನುಗಾರರ ಮನೆಯ ಹೆಣ್ಣುಮಕ್ಕಳಿಗೆ ಹಾಯಿ ಓಡಿಸುವುದನ್ನು ಕಲಿಸುತ್ತಾಳಂತೆ. ಬಂದವಳೇ ಚಪ್ಪಲಿ ಬಿಟ್ಟು, ದೋಣಿಯ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಹಲಗೆ ಹಲಗೆ ತಟ್ಟಿ ಕಿವಿಗೊಟ್ಟಳು. ಇನ್ನೂ ಜೀವ ಇದೆ, ಒಂದು ವಾರ ನೀರಲ್ಲಿ ಇಟ್ಟರೆ ಕೂಡಿಕೊಳ್ಳುತ್ತದೆ ಅಂದಳು. ಇವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು ಕಂಡಿತು. ಆ ಖುಷಿಯಲ್ಲಿ ಪೂರ್ತಿ ಪಾಠ ಒಪ್ಪಿಸಿದರು, ಹುಟ್ಟುಗುಣದವರೆಗೆ.

ರಾಣಿ ಹೆದರಲಿಲ್ಲ, ಹುಬ್ಬು ಗಂಟಿಕ್ಕಿದಳು. ಈ ಮೈಕಟ್ಟಿನ ದೋಣಿ ಹಾಗೆ ಎಳೆಯಬಾರದಲ್ಲ, ಹಾಯಿ ತೋರಿಸಿ ಅಂದಳು.

ಹಾಯಿ ಅಟ್ಟದ ಮೇಲೆ ನನ್ನ ಹಳೆಯ ಸೀರೆಯಲ್ಲಿ ಸುತ್ತಿಟ್ಟಿತ್ತು. ಅದನ್ನು ಇಳಿಸುವಾಗ ನನಗೆ ಸ್ವಲ್ಪ ಜಂಬವೇ ಇತ್ತು. ಯಾಕೆಂದರೆ ಅದರ ಹಿಂದಿನ ಅಂಚು ನನ್ನ ಕೈಕೆಲಸ. ಇಪ್ಪತ್ತು ವರ್ಷದ ಹಿಂದೆ ಬಿರುಗಾಳಿಗೆ ಸಿಕ್ಕಿ ಹರಿದ ಹಾಯಿಯನ್ನು ಇವರು ಮಳೆಗಾಲಕ್ಕೆ ಬರುವಾಗ ಗೋಣಿಚೀಲದಲ್ಲಿ ತುಂಬಿಕೊಂಡು ಕೊಳ್ಳೇಗಾಲಕ್ಕೆ ತಂದಿದ್ದರು. ನಾವಾಗ ನಮ್ಮಪ್ಪನ ಮನೆಯಲ್ಲೇ ಇದ್ದೆವು. ಬೀದಿಯಲ್ಲಿ ಹಾಸಿನ ನೂಲು ಎಳೆದು ಕಟ್ಟುವ ಕಂಬಗಳಿಗೇ ಹಾಯಿಯ ಎರಡು ತುದಿ ಕಟ್ಟಿ ಬಿಗಿದೆ. ಬಟ್ಟೆ ದಪ್ಪದ್ದು, ಒಳ್ಳೆಯದು, ಆದರೆ ಅಂಚು ನೋಡಿದರೆ ನಾಚಿಕೆಯಾಗಬೇಕು, ಉದ್ದಕ್ಕೂ ಅಲೆ ಅಲೆ. ನೇಕಾರರ ಮನೆಯಲ್ಲಿ ಅಂಚು ಅಲೆಯಾದರೆ ಆ ಸೀರೆಗೂ ಮರ್ಯಾದೆಯಿಲ್ಲ, ನೇಯ್ದವರಿಗೂ ಇಲ್ಲ. ಹರಿದದ್ದನ್ನು ಸೇರಿಸಿ, ನೈಲಾನ್ ಹುರಿಯನ್ನು ಮಡಿಕೆಯೊಳಗೆ ಹಾಯಿಸಿ, ಎಳೆದು ಎಳೆದು ಮೂರು ಸಾಲು ಹೊಲಿದೆ. ಇಪ್ಪತ್ತೈದು ಅಡಿ, ಒಂದು ಸುಕ್ಕಿಲ್ಲದ, ಗೆರೆ ಎಳೆದಂಥ ಅಂಚು. ಬೀದಿಯವರೆಲ್ಲ ಬಂದು ಮುಟ್ಟಿ ನೋಡಿ ಹೋಗಿದ್ದರು.

ಹಿತ್ತಲಲ್ಲಿ ಹಾಯಿ ಹರಡಿದೆವು. ಒಂದು ತುದಿಯನ್ನು ಹುಣಸೆಯ ಕೊಂಬೆಗೆ ಕಟ್ಟಿ, ಇನ್ನೊಂದನ್ನು ಇವರು ಎಡಗೈಯಲ್ಲಿ ಹಿಡಿದರು, ಮತ್ತೊಂದನ್ನು ರಾಣಿ ಹಿಡಿದಳು. ಬೆಳಗಿನ ಹೊತ್ತು, ಗಾಳಿ ಇನ್ನೂ ಸಣ್ಣಗಿತ್ತು. ಬಟ್ಟೆ ತುಂಬಿಕೊಂಡಿತು. ಅಂಚು ಮಾತ್ರ ಒಳಕ್ಕೆ ಬಾಗಿ, ಬೊಗಸೆ ಒಡ್ಡಿದ ಹಾಗೆ ನಿಂತಿತು. ರಾಣಿ ಅದರ ಉದ್ದಕ್ಕೂ ಬೆರಳು ಸವರಿ, ಇದನ್ನು ಯಾರು ಹೊಲಿದದ್ದು ಎಂದು ಕೇಳಿದಳು. ನಾನೇ ಅಂದೆ. ಅವಳು ನನ್ನನ್ನು ನೋಡಲಿಲ್ಲ, ಇವರನ್ನು ನೋಡಿದಳು. ಇವರು ಥಟ್ಟನೆ, ಊಟಕ್ಕೆ ಹೊತ್ತಾಯಿತು ಅಂದರು. ಆಗಿನ್ನೂ ಎಂಟು ಗಂಟೆ.

"ಅಕ್ಕಾ, ಬ್ಯಾಸರ ಮಾಡ್ಕಬ್ಯಾಡಿ," ಅಂದಳು ರಾಣಿ. "ದೋಣಿದೇನೂ ತಪ್ಪಿಲ್ಲ. ಗಾಳಿ ಇಲ್ಲಿಂದ ಜಾರಿ ಆಚ್ಗೆ ಓಗ್ಬೇಕು. ಈ ಅಂಚು ಬುಡ್ತಾ ಇಲ್ಲ. ಅದ್ಕೇ ಅಣ್ಣನ ಕೈ ಎಳಿತಿದ್ದಿದ್ದು."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ, ನೀನು ಬಂದು ತಪ್ಪು ಹುಡುಕುತ್ತೀಯಾ ಎಂದೆ. ಬಿಟ್ಟಿದ್ದರೆ ಒಳ್ಳೆಯದಿತ್ತು ಅಕ್ಕ ಎಂದು ಅವಳು ಮೆತ್ತಗೆ ಹೇಳಿದಳು. ಇವರು ನಡುವೆ ಬಾಯಿ ಹಾಕಿ, ಅದು ಬಟ್ಟೆಯದಲ್ಲ, ದೋಣಿಯ ಗುಣವೇ ಎಂದು ಗಟ್ಟಿಯಾಗಿ ಹೇಳಿದರು. ದೋಣಿಯ ಗುಣವೇ ಆಗಿದ್ದರೆ ನಾನು ಕೊಳ್ಳುವುದಿಲ್ಲ, ಹದಿನಾಲ್ಕು ಹದಿನೈದರ ಹುಡುಗಿಯರ ಕೈಗೆ ಕೊಡಬೇಕಾದದ್ದು ಅಂದಳು ರಾಣಿ. ಅಂಚು ಬಿಚ್ಚಿ ನೋಡಲು ಒಪ್ಪಿದರೆ ಮಾತಾಡೋಣ, ಯೋಚಿಸಿ, ನಾಳೆ ಬರುತ್ತೇನೆ ಎಂದು ಹೇಳಿ ಹೂಗ್ಯಂ ಬಸ್ಸು ಹಿಡಿದಳು.

ಅವಳು ಹೋದಮೇಲೆ ನಾನು ಹಾಯಿಯ ಪಕ್ಕದಲ್ಲೇ ಕೂತೆ. ಕೋಪ ಇಳಿದಂತೆ ಕಣ್ಣು ಕೆಲಸ ಮಾಡತೊಡಗಿತು. ನನಗೆ ಸಮುದ್ರ ಗೊತ್ತಿಲ್ಲ, ಬಟ್ಟೆ ಗೊತ್ತು. ಅಂಚಿನ ಪಕ್ಕ ಒಂದು ಗೇಣು ಅಗಲಕ್ಕೆ ಬಟ್ಟೆ ಜಗ್ಗಿ ಜಗ್ಗಿ ಹಾಸಿನ ನೂಲು ಹೊಕ್ಕಿನ ನೂಲು ಎರಡೂ ಓರೆಯಾಗಿದ್ದವು. ಅಂಚು ಎಳೆಯುತ್ತಿತ್ತು, ಬಟ್ಟೆ ತಡೆಯುತ್ತಿತ್ತು. ಆ ಎಳೆತ ಎಲ್ಲಿಗೋ ಹೋಗಿರಲೇಬೇಕು. ಇವರು ಜಗಲಿಯ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಕೈ ನೋಡಿದೆ.

ಎದುರಿಗೆ ಹೋಗಿ ನಿಂತು, ನನ್ನ ಮುಖ ನೋಡಿ ಹೇಳಿ, ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಹುಣಸೆಮರದ ಕಡೆಗೆ ಮುಖ ತಿರುಗಿಸಿದರು. ಇನ್ನೊಮ್ಮೆ ಕೇಳಿದೆ.

ಗೊತ್ತಿತ್ತು. ಅಲ್ಲಿಯವರೆಗೆ ಅಡುಗೆಯವರಾಗಿದ್ದ ಇವರ ಕೈಗೆ ಸಾಹೇಬರು ಚುಕ್ಕಾಣಿ ಕೊಟ್ಟದ್ದು ನಾನು ಅಂಚು ಹೊಲಿದ ವರ್ಷವೇ. ಸಾಹೇಬರ ಕಣ್ಣು ಮಂಜಾಗುತ್ತಿತ್ತು. ಹೊಸ ಅಂಚಿನ ಹಾಯಿ ಏರಿಸಿ ಕೊಚ್ಚಿ ಅಳಿವೆ ದಾಟಿದ ಮೊದಲ ದಿನವೇ ಸಾಹೇಬರು ಅಂಚನ್ನು ತೋರಿಸಿ, ಆ ಹುರಿ ಕತ್ತರಿಸು ಎಂದು ಚಾಕು ಕೊಟ್ಟರಂತೆ. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮಗ್ಗದಿಂದ ಸೀರೆ ಕೊಯ್ಯುವುದಿದ್ದರೆ ನೇಯ್ದವರೇ ಕೊಯ್ಯಬೇಕು, ಇನ್ನೊಬ್ಬರ ಕೈಕೆಲಸಕ್ಕೆ ಬೇರೆಯವರು ಕತ್ತರಿ ಹಾಕುವ ಹಾಗಿಲ್ಲ. ಮಗ್ಗ ಬಿಟ್ಟು ಓಡಿಹೋದ ಈ ಮನುಷ್ಯ ನಡುಸಮುದ್ರದಲ್ಲಿ ಆ ಪದ್ಧತಿ ಹಿಡಿದು ಕೂತರಂತೆ. ನನ್ನ ಹೆಂಡತಿ ಹೊಲಿದದ್ದು, ಅವಳೇ ಬಿಚ್ಚಬೇಕು, ಮಳೆಗಾಲಕ್ಕೆ ಊರಿಗೆ ಹೋದಾಗ ಹೇಳುತ್ತೇನೆ ಎಂದು ಚಾಕು ವಾಪಸ್ಸು ಕೊಟ್ಟರಂತೆ.

"ಮತ್ಯಾಕ್ರೀ ಯೇಳ್ನಿಲ್ಲ?" ಎಂದೆ.

"ಯೇಳಾನ ಅಂತಾನೇ ಬಂದೆ ಕಣಮ್ಮಿ. ಆ ವರ್ಷ ನಿಮ್ಮಪ್ಪ ಮಗ್ಗ ಬಿಚ್ಚಿ ಮಾರ್ಬುಟ್ಟಿದ್ರು. ನಿನ್ನ ಕೈಗೆ ಕೆಲ್ಸ ಇರ್ನಿಲ್ಲ. ನಾನೊಲ್ದ ಅಂಚು ಸಮುದ್ರ ದಾಟೈತೆ ಅಂತ ನೀನು ಬೀದಿಗೆಲ್ಲ ಯೇಳ್ಕಂಡು ತಿರುಗ್ತಿದ್ದೆ. ನಿನ್ನ ಮಕ ನೋಡ್ದೆ, ನಂಗೆ ಬಾಯೇ ಬರ್ನಿಲ್ಲ."

ಅದು ನಿಜ. ಮಗ್ಗ ಹೋದ ಆ ವರ್ಷ ನನ್ನಲ್ಲಿ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಹಾಲಿನವಳಿಗೂ ಹೇಳುತ್ತಿದ್ದೆ, ಬಳೆಯವನಿಗೂ ಹೇಳುತ್ತಿದ್ದೆ.

ಆಮೇಲಾದರೂ ಹೇಳಬಹುದಿತ್ತಲ್ಲ, ಇಪ್ಪತ್ತು ವರ್ಷ ಇತ್ತಲ್ಲ ಎಂದೆ. ಆಮೇಲೆ ಅಭ್ಯಾಸವಾಯಿತು ಅಂದರು. ನೆಲ ನೋಡಿಕೊಂಡು, "ಅದು ಎಳಿತಿದ್ರೆ ನೀನು ಜೊತ್ಗೇ ಐದೀಯ ಅನ್ಸದು," ಅಂದರು.

ಅವರಿಗೆ ಬಾಯಿಗೆ ಬಂದಂತೆ ಬೈದೆ. ದಡ್ಡ ಅಂದೆ, ಸುಳ್ಳ ಅಂದೆ, ಭುಜ ಕಳೆದುಕೊಂಡ ಮೂಢ ಅಂದೆ. ನಾನೇನು ಒಂದು ಮಾತಿಗೆ ಒಡೆದುಹೋಗುವ ಮಡಕೆಯೇ ಎಂದು ಕೇಳಿದೆ. ಬೈಯುತ್ತಲೇ ಅವರ ಪಕ್ಕ ಕೂತು ಆ ಭುಜಕ್ಕೆ ಹಣೆ ಒತ್ತಿ ಅತ್ತೆ. ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟ ಮನುಷ್ಯನ ಕೈಯನ್ನು ನಾನೇ ಸವೆಸಿದ್ದೆ, ಅದೂ ಹೆಮ್ಮೆಯಿಂದ. ಅವರು ಎಡಗೈಯಲ್ಲಿ ನನ್ನ ತಲೆ ಸವರುತ್ತಾ, ಅನ್ನ ಸೀದ ವಾಸನೆ ಬರುತ್ತಿದೆ ಅಂದರು. ಸೀದರೆ ಸೀಯಲಿ ಅಂದೆ.

ಮಧ್ಯಾಹ್ನ ಸೂಜಿ, ಸಣ್ಣ ಕತ್ತರಿ ತೆಗೆದುಕೊಂಡು ಕೂತೆ. ಮಗ್ಗಕ್ಕೆ ಇಡುತ್ತಿದ್ದ ಹಾಗೆ ಹಾಯಿಯ ಮೂಲೆಗೆ ಅರಿಸಿನ ಕುಂಕುಮ ಇಟ್ಟು ಮೊದಲ ಹೊಲಿಗೆ ಬಿಡಿಸಿದೆ. ಇವರು ಬೇಡ ಅನ್ನಲಿಲ್ಲ. ಎದುರಿಗೆ ಕೂತು ಎಡಗೈಯಲ್ಲಿ ಬಟ್ಟೆಯನ್ನು ಬಿಗಿ ಹಿಡಿದರು. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ, ಅದೂ ನನ್ನ ಹೊಲಿಗೆ. ಒಂದೊಂದು ಗಂಟೂ ಹಲ್ಲು ಕಚ್ಚಿ ಕೂತಿತ್ತು. ಉಪ್ಪಿನ ಸಣ್ಣ ಹರಳುಗಳು ಮಡಿಕೆಯಿಂದ ನನ್ನ ಮಡಿಲಿಗೆ ಉದುರಿದವು. ಈ ಗೇಣು ಲಕ್ಷದ್ವೀಪದ ಮಿನಿಕಾಯ್‌ಗೆ ಹೋದ ವರ್ಷದ್ದು, ಈ ಕಲೆ ಇಂಚರ ಹತ್ತನೇ ಕ್ಲಾಸು ಪಾಸಾದಳೆಂದು ಫೋನ್ ಬಂದ ದಿನ ಚಹಾ ಚೆಲ್ಲಿದ್ದು ಎಂದು ಅವರು ಒಂದೊಂದಕ್ಕೂ ಲೆಕ್ಕ ಒಪ್ಪಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹುರಿ ಪೂರ್ತಿ ಹೊರಬಂತು. ಹರಿದ ಜಾಗಗಳ ತೇಪೆಗಳನ್ನು ಮಾತ್ರ ಹಾಗೇ ಬಿಟ್ಟು, ಅಂಚನ್ನು ಸಡಿಲವಾಗಿ ಒಂದೇ ಸಾಲು ಮಡಿಚಿ ಹೊಲಿದೆ. ಅಲೆ ಅಲೆಯಾಗಿಯೇ ಉಳಿಯಿತು. ನಮ್ಮಪ್ಪ ನೋಡಿದ್ದರೆ ಮುಖ ತಿರುಗಿಸುತ್ತಿದ್ದರು. ನನಗೆ ಅದನ್ನು ನೋಡುತ್ತಾ ಎಷ್ಟೋ ಸಮಾಧಾನವಾಯಿತು.

ಮಾರನೆಯ ಬೆಳಿಗ್ಗೆ ರಾಣಿ ಬಂದಾಗ ಮತ್ತೆ ಹಾಯಿ ಕಟ್ಟಿ ಹಿಡಿದೆವು. ಗಾಳಿ ಬಂತು, ಬಟ್ಟೆ ತುಂಬಿತು, ಅಂಚು ಪಟಪಟ ಅಂದು ಗಾಳಿಯನ್ನು ಆಚೆಗೆ ಬಿಟ್ಟಿತು. ರಾಣಿ ತುಂಬಾ ಹೊತ್ತು ನೋಡಿ ತಲೆಯಾಡಿಸಿದಳು. ಅಣ್ಣಮ್ಮ ನನಗಿರಲಿ ಅಂದಳು. ಅಮಾವಾಸ್ಯೆ ಕಳೆದ ಮೇಲೆ ಲಾರಿ ತರುವುದೆಂದು ಮಾತಾಯಿತು. ಇವರು ಎದ್ದುಹೋಗಿ ದೋಣಿಯ ಮೈಮೇಲಿನ ಗೋಣಿತಾಟನ್ನು ಸುಮ್ಮನೆ ಸರಿಪಡಿಸಿ ಬಂದರು.

ಜಗಲಿಯಲ್ಲಿ ಕಾಫಿ ಕೊಟ್ಟೆ. ರಾಣಿ ಚೀಲದಿಂದ ನೋಟ್‌ಬುಕ್ ತೆಗೆದು, ದೋಣಿಯ ಗುಣವನ್ನೆಲ್ಲ ಇನ್ನೊಮ್ಮೆ ಹೇಳಿ, ಹುಡುಗಿಯರಿಗೆ ಬರೆದಿಟ್ಟುಕೊಳ್ಳುತ್ತೇನೆ ಅಂದಳು. ಇವರು ನೆಟ್ಟಗೆ ಕೂತು ಶುರು ಮಾಡಿದರು. ಸಣ್ಣ ಗಾಳಿಗೆ ಸೋಮಾರಿ. ಗಿಡ್ಡ ಅಲೆಗೆ ನೆನೆಸುತ್ತಾಳೆ. ಯೋಚನೆ ಮಾಡಿ ತಿರುಗುತ್ತಾಳೆ. ಅವಳು ಒಂದೊಂದನ್ನೂ ಬರೆದುಕೊಂಡಳು. ಬಿರುಗಾಳಿ, ಬಾತುಕೋಳಿ, ಅನ್ನ ಬೇಯಿಸುವುದು, ಎಲ್ಲ ಆಯಿತು.

ಚುಕ್ಕಾಣಿ ಹೇಗೆ ಎಂದು ರಾಣಿ ಕೇಳಿದಳು. ಇವರು ಬಾಯಿ ತೆರೆದರು. ತಮ್ಮ ಬಲಗೈಯನ್ನು ನೋಡಿಕೊಂಡರು.

"ಅದು ನಂಗೊತ್ತಿಲ್ಲ ಕಣವ್ವ," ಅಂದು ನನ್ನ ಕಡೆಗೆ ಕೈ ತೋರಿಸಿದರು. "ಇವಳಿಲ್ದೆ ನಾನು ಯಾವತ್ತೂ ಓಡ್ಸಿಲ್ಲ."

ರಾಣಿ ಪೆನ್ನು ಮುಚ್ಚಿದಳು. ಹಾಗಾದರೆ ದೋಣಿ ನೀರಿಗೆ ಇಳಿಸುವ ದಿನ ನೀವೇ ಬಂದು ಹಿಡಿದು ನೋಡಬೇಕು, ಆಮೇಲೆ ಬರೆದುಕೊಳ್ಳುತ್ತೇನೆ ಅಂದಳು. ಇವರು ನನ್ನ ಕಡೆಗೆ ತಿರುಗಿದರು.

"ಬತ್ತೀಯಾ?"

ಇಪ್ಪತ್ತಮೂರು ವರ್ಷ ಸಮುದ್ರಕ್ಕೆ ಹೋಗಿ ಬಂದ ಮನುಷ್ಯ ಒಂದು ಸಲವೂ ನನ್ನನ್ನು ಹೀಗೆ ಕರೆದಿರಲಿಲ್ಲ. ಪ್ರತಿ ವರ್ಷ ನಾನೇ ಬಾಯಿಬಿಟ್ಟು ಕೇಳುತ್ತಿದ್ದೆ, ಪ್ರತಿ ವರ್ಷ ಒಂದೊಂದು ನೆಪ, ವಾಂತಿಯಾಗುತ್ತದೆ, ಜಾಗ ಸಾಲದು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ. ನಾನು ದೋಣಿ ಹತ್ತಿದರೆ ಅವರ ಕೈ ಜಗ್ಗುವುದನ್ನು ನೋಡಿ ನನ್ನ ಅಂಚನ್ನು ನಾನೇ ಕಂಡುಹಿಡಿದುಬಿಡುತ್ತೇನೆಂದು ಹೆದರಿದ್ದರು. ಅದು ನನಗೆ ಹೊಳೆದದ್ದು ಆ ಜಗಲಿಯಲ್ಲಿ, ಆ ಗಳಿಗೆಯಲ್ಲಿ.

ಬರುತ್ತೇನೆ ಅಂದೆ. ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ.